ಮೆಚ್ಚುಗೆಯ ಮುಯ್ಯಿ: ನಿತ್ಯಚಿತ್ರಪ್ರೇಷಣ ಶಾಸ್ತ್ರಕ್ಕೊಂದು ಪೀಠಿಕೆ

ತಾನು ತೆಗೆದ ಫೋಟೊವೊಂದನ್ನು ದಿನಾ ಬೆಳಿಗ್ಗೆ ಬಂಧುಬಳಗದ ವಾಟ್ಸ್‌ಆ್ಯಪ್ ಗುಂಪಿಗೆ ಹಾಕಿ, ಕೆಳಗೆ ‘ನಿಮ್ಮ ಅಭಿಪ್ರಾಯಕ್ಕೆ ಸ್ವಾಗತ’ ಎಂದು ಬರೆಯುವ ಕ್ರಿಯೆಯೇ ನಿತ್ಯಚಿತ್ರಪ್ರೇಷಣ. ಮೀಮಾಂಸಕರ ಲೆಕ್ಕದಲ್ಲಿ ಇದು ನಿತ್ಯಕರ್ಮ. ಮಾಡಿದರೆ ವಿಶೇಷ ಪುಣ್ಯವೇನಿಲ್ಲ. ಬಿಟ್ಟರೆ ಮಾತ್ರ ‘ಯಾಕೆ, ಹುಷಾರಿಲ್ವಾ?’ ಎಂದು ಫೋನು ಬರುತ್ತದೆ.

ಯಾವ ಶಾಸ್ತ್ರವೇ ಆಗಲಿ, ಅದಕ್ಕೆ ಅಧಿಕಾರಿ ಯಾರೆಂದು ಮೊದಲು ಹೇಳಬೇಕು. ನಿವೃತ್ತಿಯಾಗಿರಬೇಕು, 24 ಮೆಗಾಪಿಕ್ಸೆಲ್ ಕ್ಯಾಮೆರಾ ಇರಬೇಕು, ಮೊಣಕಾಲು ಇನ್ನೂ ಮಾತು ಕೇಳುತ್ತಿರಬೇಕು. ಪ್ರಸ್ತುತ ಪ್ರಬಂಧಕ್ಕೆ ಉದಾಹರಣಪುರುಷ ಮೈಸೂರಿನ ಒಬ್ಬ ಚಿಕ್ಕಪ್ಪ. ಇವರ ವಿಷಯವಸ್ತು ಕುಕ್ಕರಹಳ್ಳಿ ಕೆರೆಯ ಹಕ್ಕಿಗಳು. ಇವುಗಳಲ್ಲಿ ಹೆಜ್ಜಾರ್ಲೆ ವಿಧೇಯ, ಕೂತಲ್ಲಿ ಕೂತಿರುತ್ತದೆ. ಮಿಂಚುಳ್ಳಿ ಅವಿಧೇಯ, ಫೋಕಸ್ ಸಿಗುವಷ್ಟರಲ್ಲಿ ಕೊಂಬೆಯಷ್ಟೇ ಉಳಿದಿರುತ್ತದೆ. ಬರೀ ಕೊಂಬೆಯನ್ನು ಕಳಿಸಬಹುದೇ ಎಂಬ ಸಂಶಯಕ್ಕೆ ಸಮಾಧಾನ: ಕಳಿಸಬಹುದು, ‘ವಿರಹ’ ಎಂದು ಶೀರ್ಷಿಕೆ ಕೊಟ್ಟು.

ಈ ಶಾಸ್ತ್ರ ನಿನ್ನೆ ಮೊನ್ನೆಯದೆಂದು ಮೂಗು ಮುರಿಯುವವರಿದ್ದಾರೆ. ಅವರಿಗಾಗಿ ಸ್ವಲ್ಪ ಇತಿಹಾಸ. ಫ್ರಾನ್ಸಿನ ನಿಸೆಫೋರ್ ನಿಯೆಪ್ಸ್ ಡಾಂಬರು ಬಳಿದ ತಗಡನ್ನು ಕ್ಯಾಮೆರಾದೊಳಗಿಟ್ಟು, ತನ್ನ ಮನೆಯ ಕಿಟಕಿಯಿಂದ ಕಾಣುವ ಚಾವಣಿಗಳನ್ನು ಗಂಟೆಗಟ್ಟಲೆ ಬೆಳಕು ಕುಡಿಸಿ ಮೂಡಿಸಿದ. ಕ್ಯಾಮೆರಾದಿಂದ ತೆಗೆದು ಇಂದಿಗೂ ಉಳಿದಿರುವ ಚಿತ್ರಗಳಲ್ಲಿ ಅದೇ ಹಳೆಯದು. 1827ರಲ್ಲಿ ಅದನ್ನು ಇಂಗ್ಲೆಂಡಿಗೆ ಹೊತ್ತೊಯ್ದು ರಾಯಲ್ ಸೊಸೈಟಿಯ ಮುಂದಿಡಲು ನೋಡಿದ. ಮಾಡಿದ್ದು ಹೇಗೆಂಬ ಗುಟ್ಟು ಮಾತ್ರ ಬಿಡಲೊಲ್ಲ. ಅವರೂ ಸ್ವೀಕರಿಸಲೊಲ್ಲರು. ‘ಸೆಟ್ಟಿಂಗ್ಸ್ ಏನು ಸಾರ್?’ ಎಂದು ಕೇಳಿದಾಗ ಬಾಯಿ ಬಿಡದವನಿಗೆ ಲೈಕ್ ಇಲ್ಲ ಎಂಬ ನಿಯಮ ಅಂದೇ ಸ್ಥಾಪಿತವಾಯಿತು. ಕ್ಯೂ ಉದ್ಯಾನದ ಸಸ್ಯಚಿತ್ರಕಾರ ಫ್ರಾನ್ಸಿಸ್ ಬಾಯರ್ ಆತನ ಬೆಂಬಲಕ್ಕೆ ನಿಂತು, ನಿಯೆಪ್ಸನ ಮೊದಲ ಯಶಸ್ವಿ ಪ್ರಯೋಗವಿದು ಎಂಬರ್ಥದ ಮಾತನ್ನು ಚಿತ್ರದ ಹಿಂಬದಿಯಲ್ಲಿ ಬರೆದಿಟ್ಟ. ಆದಿಲೈಕ್ ಇದೇ. ನಿಯೆಪ್ಸ್ ಊರಿಗೆ ಮರಳುವಾಗ ಆ ತಗಡನ್ನು ಬಾಯರನಿಗೇ ಕೊಟ್ಟು ಹೋದ. ಈ ಕೊಡುಕೊಳ್ಳುವಿಕೆಯನ್ನು ವಾಚಕರು ನೆನಪಿನಲ್ಲಿಡಬೇಕು, ಮುಂದೆ ಬೇಕಾಗುತ್ತದೆ.

ಇನ್ನು ಪ್ರಮಾಣವಿಚಾರ. ಚಿತ್ರವನ್ನು ಯಾರು ನೋಡಿದರು, ಯಾರು ನೋಡಿಯೂ ನೋಡದಂತಿದ್ದರು ಎಂದು ತಿಳಿಯುವುದು ಹೇಗೆ? 2014ರಲ್ಲಿ ನೀಲಿ ಟಿಕ್ ಬಂದ ಮೇಲೆ ಪ್ರತ್ಯಕ್ಷವೊಂದೇ ಸಾಕೆಂದು ಕೆಲವರು ವಾದಿಸಿದರು. ಇದು ದುರ್ಬಲ. ಗುಂಪಿನಲ್ಲಿ ಟಿಕ್ ನೀಲಿಯಾಗುವುದು ಎಲ್ಲರೂ ನೋಡಿದ ಮೇಲೆ. ಅಜ್ಜಿಯ ಫೋನು ಬೀರುವಿನಲ್ಲಿ ಸೀರೆಗಳ ನಡುವೆ ಇರುವವರೆಗೆ ಅದು ಬೂದಿಬಣ್ಣದಲ್ಲೇ ಇರುತ್ತದೆ. ಆದ್ದರಿಂದ ಚಿಕ್ಕಪ್ಪ ‘ಇನ್ಫೋ’ ಒತ್ತಿ ಒಂದೊಂದೇ ಹೆಸರು ಓದುತ್ತಾರೆ. ಇದ್ದವರು ಪ್ರತ್ಯಕ್ಷಸಿದ್ಧ, ಇಲ್ಲದವರು ಕುಮಾರಿಲ ಭಟ್ಟರ ಮತದಂತೆ ಅನುಪಲಬ್ಧಿಸಿದ್ಧ.

ಕಗ್ಗಂಟಾಗಿರುವುದು ಚಿಕ್ಕಪ್ಪನ ಷಡ್ಡಕರ ಪ್ರಕರಣ. ಅವರು ಯಾರ ಚಿತ್ರವನ್ನೂ ಹೊಗಳಿದ್ದನ್ನು ಕಂಡವರಿಲ್ಲ. ಆದರೆ ಅವರು ಊಟಿಯ ಫೋಟೊ ಹಾಕಿದ ದಿನ ಫೇಸ್‌ಬುಕ್ಕಿನಲ್ಲಿ ಹೊಗಳಿಕೆ ಹರಿದುಬಂತು. ಹಗಲು ಉಣ್ಣದ ದೇವದತ್ತ ದಪ್ಪಗಿದ್ದಾನೆಂದರೆ ರಾತ್ರಿ ಉಣ್ಣುತ್ತಾನೆಂದೇ ಅರ್ಥ, ಇದು ಅರ್ಥಾಪತ್ತಿ. ಅದೇ ನ್ಯಾಯದಿಂದ, ಷಡ್ಡಕರು ಇನ್ನೆಲ್ಲೋ, ಇನ್ನಾರದೋ ಚಿತ್ರಗಳನ್ನು ಗುಟ್ಟಾಗಿ ಹೊಗಳುತ್ತಿರಲೇಬೇಕು. ಕೊಡದೆ ಬಂದೀತೆ?

ಇಲ್ಲಿಗೆ ನಮ್ಮ ಸಿದ್ಧಾಂತ. ಮೆಚ್ಚುಗೆಯೆಂಬುದು ಮುಯ್ಯಿ. ಮದುವೆಮನೆಯಲ್ಲಿ ನೋಟುಬುಕ್ಕು ಹಿಡಿದು ಕೂತ ಮಾವ ಯಾರು ಎಷ್ಟು ಹಾಕಿದರೆಂದು ಬರೆಯುತ್ತಾರೆ. ಚಿತ್ರಪ್ರೇಷಕರು ಅದನ್ನೇ ಮನಸ್ಸಿನಲ್ಲಿ ಬರೆದುಕೊಳ್ಳುತ್ತಾರೆ. ಹೆಬ್ಬೆರಳು ಐವತ್ತೊಂದು ರೂಪಾಯಿ. ‘ಸೂಪರ್’ ನೂರೊಂದು. ‘ನ್ಯಾಷನಲ್ ಜಿಯಾಗ್ರಫಿಕ್‌ಗೆ ಕಳಿಸಿ’ ಎಂಬುದು ಬೆಳ್ಳಿ ಲೋಟ, ಅದನ್ನಿತ್ತವರ ಮನೆಯಲ್ಲಿ ಮುಂದಿನ ತಿಂಗಳು ಗೃಹಪ್ರವೇಶವಿದ್ದು ಫೋಟೊ ತೆಗೆಯಲು ಜನ ಬೇಕಾಗಿರುತ್ತಾರೆ. 2022ರಲ್ಲಿ ಸಂದೇಶವನ್ನು ಒತ್ತಿ ಹಿಡಿದರೆ ಸಾಕು, ಹೆಬ್ಬೆರಳು ಅಂಟಿಕೊಳ್ಳುವ ಸೌಲಭ್ಯ ಬಂತು. ಅಂದಿನಿಂದ ಮುಯ್ಯಿಯ ಬೆಲೆ ಕುಸಿದಿದೆ. ಹಿರಿಯರು ಈಗಲೂ ಬೆರಳಚ್ಚು ಮಾಡಿದ್ದನ್ನೇ ಲೆಕ್ಕಕ್ಕೆ ಹಿಡಿಯುತ್ತಾರೆ.

ಪೂರ್ವಪಕ್ಷದವರು ಕೇಳುತ್ತಾರೆ: ಬೆಂಗಳೂರಿನಲ್ಲಿ 1971ರಿಂದಲೂ ಯೂತ್ ಫೋಟೊಗ್ರಾಫಿಕ್ ಸೊಸೈಟಿ ಇದೆ, ಫೋಟೊ ಸ್ಪರ್ಧೆಗಳಲ್ಲಿ ತೀರ್ಪುಗಾರರು ಮುಲಾಜಿಲ್ಲದೆ ತಿರಸ್ಕರಿಸುತ್ತಾರೆ, ಅಲ್ಲಿ ಮುಯ್ಯಿ ಎಲ್ಲಿ? ನಿಜವೇ. ಆದರೆ ಆ ತೀರ್ಪುಗಾರರನ್ನು ನಾಳೆ ನಾಮಕರಣದ ಪಂಕ್ತಿಯಲ್ಲಿ ಎದುರುಗೊಳ್ಳಬೇಕಾಗಿಲ್ಲ. ಚಿಕ್ಕಪ್ಪನೂ ಸ್ಪರ್ಧೆಗೆ ಕಳಿಸುವ ವಿಚಾರ ಮಾಡಿದ್ದುಂಟು. ತೀರ್ಪುಗಾರರು ಯಾರ ಕಡೆಯವರೆಂದು ತಿಳಿಯದೆ ಕೈಬಿಟ್ಟರು.

ಹೀಗೆ ಸುಗಮವಾಗಿ ಸಾಗಿದ್ದ ವ್ಯವಸ್ಥೆಗೆ ಒಂದು ಭಾನುವಾರ ಭಂಗ ಬಂತು. ಎಂಜಿನಿಯರಿಂಗ್ ಓದುತ್ತಿರುವ ಅಣ್ಣನ ಮಗಳು ಬರೆದಳು: ‘ಚೆನ್ನಾಗಿದೆ ಚಿಕ್ಕಪ್ಪ. ಆದ್ರೆ ಕೆರೆ ನೀರೆಲ್ಲ ಎಡಗಡೆ ಚೆಲ್ಲೋಗೋ ಹಾಗಿದೆ. ಸ್ವಲ್ಪ ನೇರ ಮಾಡಬಹುದಿತ್ತಾ?’

ಕೇಳಿದ್ದು ಅಭಿಪ್ರಾಯ, ಬಂದದ್ದೂ ಅಭಿಪ್ರಾಯ. ಅಪಚಾರವಾದದ್ದು ಅಲ್ಲೇ. ಚಿಕ್ಕಪ್ಪ ಮೊದಲು ‘ಅದು ಲೆನ್ಸ್ ದೋಷ’ ಎಂದರು. ಆಮೇಲೆ ‘ಕೆರೆ ಏರಿಯೇ ಹಾಗಿದೆ’ ಎಂದರು. ಕೊನೆಗೆ ‘ವಾಟ್ಸ್‌ಆ್ಯಪ್ ಫೋಟೊ ಹಿಂಡಿಬಿಡುತ್ತಮ್ಮ, ಒರಿಜಿನಲ್ ನೋಡಬೇಕು’ ಎಂದು ಮೂಲವನ್ನೇ ಡಾಕ್ಯುಮೆಂಟ್ ಮಾಡಿ ಕಳಿಸಿದರು. ಎಲ್ಲರೂ ತೆರೆದು ನೋಡಿದರು. ಅದುವರೆಗೆ ಬರೀ ವಾಲಿದ್ದ ಕೆರೆ 24 ಮೆಗಾಪಿಕ್ಸೆಲ್‌ನಲ್ಲಿ ಸುಸ್ಪಷ್ಟವಾಗಿ ವಾಲಿತ್ತು.

ಇಂಥಲ್ಲಿ ಶಾಸ್ತ್ರವಿಹಿತ ಪ್ರಾಯಶ್ಚಿತ್ತವೆಂದರೆ ಕೆಲವು ದಿನ ಮೌನ, ಬಳಿಕ ದೇವಸ್ಥಾನದ ಚಿತ್ರ. ದೇವರ ಚಿತ್ರಕ್ಕೆ ಟೀಕೆಯಿಲ್ಲ. ಚಿಕ್ಕಪ್ಪ ಚಾಮುಂಡಿಬೆಟ್ಟದ ಗೋಪುರ ಕಳಿಸಿದರು. ಅದೂ ಕೊಂಚ ವಾಲಿತ್ತೆನ್ನಿ. ಗುಂಪಿಗೆ ಗುಂಪೇ ಕೈಮುಗಿಯಿತು. ಮುಗಿದದ್ದು ಅಮ್ಮನವರಿಗೋ ಚಿಕ್ಕಪ್ಪನಿಗೋ ಎಂಬಲ್ಲಿ ವ್ಯಾಖ್ಯಾನಕಾರರಲ್ಲಿ ಭಿನ್ನಮತವಿದೆ, ಚಿಕ್ಕಪ್ಪ ಅದ್ವೈತಿ.

ಮುಯ್ಯಿ ತೀರಿಸುವ ಸಂದರ್ಭ ತಡವಾಗಲಿಲ್ಲ. ಆ ಹುಡುಗಿ ಹಾಸ್ಟೆಲಿನ ಕಿಟಕಿಯಲ್ಲಿ ಕೂತ ಬೆಕ್ಕಿನ ಫೋಟೊ ಹಾಕಿದಳು. ಚಿಕ್ಕಪ್ಪ ಕನ್ನಡಕ ಒರೆಸಿಕೊಂಡು, ಬಡ್ಡಿ ಸಮೇತ ಬರೆದರು: ‘ಹಿಂದಿನಿಂದ ಬೆಳಕು. ಮುಖವೆಲ್ಲ ಕಪ್ಪು. ಬೆಕ್ಕೋ ಚೀಲವೋ ಗೊತ್ತಾಗ್ತಿಲ್ಲ.’

‘ಹೌದಲ್ವಾ ಚಿಕ್ಕಪ್ಪ!’ ಎಂದಳು ಅವಳು. ‘ಹಾಗಾದ್ರೆ ಹೇಗೆ ತೆಗೀಬೇಕು? ಹೇಳಿಕೊಡ್ತೀರಾ?’

ಇದಕ್ಕೆ ಶಾಸ್ತ್ರದಲ್ಲಿ ವಿಧಿಯೂ ಇಲ್ಲ, ನಿಷೇಧವೂ ಇಲ್ಲ. ಮುಯ್ಯಿ ಪುಸ್ತಕದಲ್ಲಿ ಇದನ್ನು ಜಮೆಗೆ ಹಿಡಿಯಬೇಕೋ ಖರ್ಚಿಗೋ ಎಂದು ಕೇಳಲು ಚಿಕ್ಕಪ್ಪ ಷಡ್ಡಕರಿಗೇ ಫೋನು ಮಾಡಿದ್ದಾರೆ.