ದ್ವಿಚಕ್ರ ಸಮತೋಲನ ಮೀಮಾಂಸೆ

ಸಾರ್ವಜನಿಕ ಸೈಕಲ್ ವ್ಯವಸ್ಥೆಯಲ್ಲಿ ದುಃಖ ಎರಡು ಬಗೆ: ಶೂನ್ಯದುಃಖ, ಪೂರ್ಣದುಃಖ. ಆಫೀಸಿಗೆ ಹೊರಟವನು ಮನೆ ಹತ್ತಿರದ ನಿಲ್ದಾಣಕ್ಕೆ ಬಂದರೆ ಅಲ್ಲಿ ಒಂದೂ ಸೈಕಲ್ ಇಲ್ಲ; ಇದು ಮೊದಲನೆಯದು. ಹೇಗೋ ಒಂದನ್ನು ಗಿಟ್ಟಿಸಿ ಆಫೀಸು ಮುಟ್ಟಿದರೆ ಅಲ್ಲಿ ನಿಲ್ಲಿಸಲು ಒಂದೂ ಜಾಗವಿಲ್ಲ, ಇದು ಎರಡನೆಯದು. ಘೋರತರವಾದದ್ದು ಯಾವುದು? ಶೂನ್ಯದುಃಖಿಯು ನಾಲ್ಕು ಮಾತು ಬೈದು, ಬಸ್ಸು ಹತ್ತಿ ಮುಕ್ತನಾಗುತ್ತಾನೆ. ಪೂರ್ಣದುಃಖಿಗೆ ಆ ಭಾಗ್ಯವಿಲ್ಲ. ಸೈಕಲ್ ಬಿಡುವಂತಿಲ್ಲ, ಬಾಡಿಗೆಯ ಗಡಿಯಾರ ನಿಲ್ಲುವಂತಿಲ್ಲ. ಕಣ್ಣೆದುರಿಗಿರುವ ಆಫೀಸಿಗೇ ಪ್ರದಕ್ಷಿಣೆ ಹಾಕುತ್ತಿರಬೇಕು. ಆದ್ದರಿಂದ ಪೂರ್ಣದುಃಖವೇ ಪರಮದುಃಖವೆಂದು ಸಿದ್ಧವಾಯಿತು.

ಇಲ್ಲಿ ಪೂರ್ವಪಕ್ಷಿಯು ಕೇಳುತ್ತಾನೆ: “ಬೆಳಿಗ್ಗೆ ಹೋದವರು ಸಂಜೆ ಮರಳುತ್ತಾರಷ್ಟೆ? ಸೈಕಲ್ಲೂ ಅವರ ಜೊತೆ ಮರಳುತ್ತದೆ. ಇದಕ್ಕೊಂದು ಶಾಸ್ತ್ರ ಬೇರೆ ಕೇಡು!”

ಈತ ಪ್ಯಾರಿಸ್ಸಿನ ಮೊಂಮಾರ್ತ್ರ್ ಗುಡ್ಡವನ್ನು ನೋಡಿದವನಲ್ಲ. ಆ ನಗರದಲ್ಲಿ 2007ರ ಜುಲೈನಲ್ಲಿ ‘ವೆಲಿಬ್’ ಎಂಬ ಬಾಡಿಗೆ ಸೈಕಲ್ ವ್ಯವಸ್ಥೆ ಶುರುವಾಯಿತು. ಸೈಕಲ್ಲಿನ ತೂಕ 22 ಕೆ.ಜಿ.ಗೆ ಕಡಿಮೆಯಿಲ್ಲ, ಗುಡ್ಡ ಸಮುದ್ರಮಟ್ಟದಿಂದ ಸುಮಾರು 130 ಮೀಟರ್ ಎತ್ತರ. ಇಳಿಯುವಾಗ ಪ್ಯಾರಿಸಿಗರೆಲ್ಲ ಪರಿಸರಪ್ರೇಮಿಗಳು, ಹತ್ತುವಾಗ ಮೆಟ್ರೊಪ್ರೇಮಿಗಳು. ಹೀಗಾಗಿ ಗುಡ್ಡದ ಮೇಲೆ ಶೂನ್ಯದುಃಖ, ಬುಡದಲ್ಲಿ ಪೂರ್ಣದುಃಖ. ನೀರು ಇಳಿಜಾರಿಗೆ ಹರಿಯುತ್ತದೆಂಬ ನಿಯಮ ಬಾಡಿಗೆ ಸೈಕಲ್ಲಿಗೂ ಅನ್ವಯಿಸುತ್ತದೆ. ಆದರೆ ಮೋಡವಾಗಿ ಮರಳುವ ಸೌಕರ್ಯ ಸೈಕಲ್ಲಿಗಿಲ್ಲ.

ಮರುವರ್ಷ ಪರಿಹಾರವೊಂದು ಹೊರಟಿತು. ಎತ್ತರದ ನಿಲ್ದಾಣಗಳಿಗೆ ಸೈಕಲ್ ಮುಟ್ಟಿಸಿದವರಿಗೆ 15 ನಿಮಿಷ ಉಚಿತ ಸವಾರಿ. ಅಂದರೆ, ತುಳಿದು ತುಳಿದು ಏದುಸಿರು ಬಿಡುತ್ತಿರುವವನಿಗೆ ಇನ್ನಷ್ಟು ತುಳಿಯುವ ವರ. ಈ ವರಕ್ಕೆ ಒಲಿಯದ ಸೈಕಲ್ಲುಗಳು ಟ್ರಕ್ಕಿನಲ್ಲಿ ಕೂತು ಗುಡ್ಡ ಹತ್ತಿದವು. ಮೋಟಾರು ವಾಹನಗಳನ್ನು ಕಡಿಮೆ ಮಾಡಲೆಂದು ಬಂದ ಸೈಕಲ್ ತಾನೇ ಮೋಟಾರು ವಾಹನದ ಪ್ರಯಾಣಿಕನಾದ ಈ ಪ್ರಸಂಗವನ್ನು ವಾಹನಾರೂಢ ವಾಹನ ನ್ಯಾಯವೆಂದು ಕರೆಯಬಹುದು. ಆ ಟ್ರಕ್ಕು ಯಾವ ನಿಲ್ದಾಣಕ್ಕೆ ಮೊದಲು ಹೋಗಬೇಕು? ಗಣಿತಜ್ಞರು ಇದನ್ನು ಕುಖ್ಯಾತವಾದ ಸಂಚಾರಿ ವರ್ತಕನ ಸಮಸ್ಯೆಯ ವಂಶಕ್ಕೆ ಸೇರಿಸಿದ್ದಾರೆ. ನಿಲ್ದಾಣಗಳು ಹೆಚ್ಚಿದಂತೆ ಅತ್ಯುತ್ತಮ ದಾರಿಯನ್ನು ಬೇಗ ಕಂಡುಹಿಡಿಯುವ ಖಚಿತ ವಿಧಾನ ಈವರೆಗೆ ಯಾರಿಗೂ ಸಿಕ್ಕಿಲ್ಲ. ಟ್ರಕ್ಕಿನ ಚಾಲಕನಿಗೆ ಇದು ಗೊತ್ತಿಲ್ಲದಿರುವುದರಿಂದ ಕೆಲಸ ಹೇಗೋ ಸಾಗಿದೆ.

ಇನ್ನು ನ್ಯೂಯಾರ್ಕ್ ಪಂಥ. 2013ರಲ್ಲಿ ಆರಂಭವಾದ ಅಲ್ಲಿನ ‘ಸಿಟಿ ಬೈಕ್’ ಮುಂದೆ ‘ಬೈಕ್ ಏಂಜೆಲ್ಸ್’ ಎಂಬ ದೇವದೂತರ ಗಣವನ್ನು ಸೃಷ್ಟಿಸಿತು. ತುಂಬಿದ ನಿಲ್ದಾಣದಿಂದ ಸೈಕಲ್ ತೆಗೆದು ಖಾಲಿ ನಿಲ್ದಾಣಕ್ಕೆ ಒಯ್ದವರಿಗೆ ಅಂಕ. ಅಂಕ ಕೂಡಿದರೆ ಕಾಸು. ಟ್ರಕ್ಕಿಗಿಂತ ಅಗ್ಗ, ಕೇಳಲೂ ಸೊಗಸು. ಆದರೆ ದೇವದೂತರಿಗೂ ಲೆಕ್ಕ ಬರುತ್ತದೆಂಬುದನ್ನು ಸೂತ್ರಕಾರರು ಮರೆತಿದ್ದರು. 2024ರಲ್ಲಿ ಪತ್ರಿಕೆಗಳಲ್ಲಿ ಬಯಲಾದ ಅನುಷ್ಠಾನಕ್ರಮ ಹೀಗಿದೆ: ಕೆಲವರು ಕೂಡಿ ಒಂದು ತುಂಬಿದ ನಿಲ್ದಾಣವನ್ನು ಖಾಲಿ ಮಾಡಿ, ಎಲ್ಲ ಸೈಕಲ್ಲುಗಳನ್ನೂ ಪಕ್ಕದ ಬೀದಿಯ ನಿಲ್ದಾಣಕ್ಕೆ ತುಂಬುವುದು. 15 ನಿಮಿಷ ಕಾಯುವುದು. ಅಷ್ಟರಲ್ಲಿ ಕಂಪ್ಯೂಟರು ಕಣ್ಣು ತೆರೆದು, ಅಯ್ಯೋ, ಅಲ್ಲಿ ಖಾಲಿ, ಇಲ್ಲಿ ಭರ್ತಿ ಎಂದು ಗಾಬರಿಯಾಗಿ ಹೊಸ ಅಂಕ ಘೋಷಿಸುತ್ತದೆ. ಆಗ ಅವೇ ಸೈಕಲ್ಲುಗಳನ್ನು ಮೊದಲಿನ ಜಾಗಕ್ಕೆ ತರುವುದು. ಹೀಗೆ ತಿಂಗಳಿಗೆ ಸಾವಿರಾರು ಡಾಲರ್ ಗಳಿಸಿದವರಿದ್ದಾರೆ.

ಕಂಪನಿ ಇದನ್ನು ಒಪ್ಪಲಿಲ್ಲ. ಪ್ರಸ್ತುತ ಮೀಮಾಂಸಕನ ಮತ ಬೇರೆ. ರೋಗಕ್ಕೆ ಔಷಧಿ ಕೊಟ್ಟವನಿಗೆ ಮಾತ್ರ ಸಂಬಳವೆಂದರೆ, ರೋಗವನ್ನು ದಿನಕ್ಕೆ ಹತ್ತು ಸಲ ತರಿಸುವುದು ವೈದ್ಯನಿಗೆ ವೃತ್ತಿಧರ್ಮವೇ ಸರಿ. ಮೇಲಾಗಿ ಇಲ್ಲಿ ಯಾರಿಗೂ ಎಲ್ಲಿಗೂ ಹೋಗಬೇಕಾಗಿರಲಿಲ್ಲ. ನಿಷ್ಕಾಮ ಸಂಚಾರಕ್ಕೆ ಇದಕ್ಕಿಂತ ಶುದ್ಧವಾದ ಉದಾಹರಣೆ ದೊರೆಯದು.

ಕೊನೆಗೆ, ಸಂಪೂರ್ಣ ಸಮತೋಲನ ಸಾಧ್ಯವೇ ಎಂಬ ಪ್ರಶ್ನೆ ಉಳಿಯುತ್ತದೆ. ಸಾಧ್ಯ, ನಿದರ್ಶನವೂ ಇದೆ. 1965ರಲ್ಲಿ ಆಮ್‌ಸ್ಟರ್‌ಡ್ಯಾಮ್‌ನ ‘ಪ್ರೊವೊ’ ಎಂಬ ಚಳವಳಿಯ ತರುಣರು ಸೈಕಲ್ಲುಗಳಿಗೆ ಬಿಳಿ ಬಣ್ಣ ಬಳಿದು, ಬೀಗ ಹಾಕದೆ, ಯಾರು ಬೇಕಾದರೂ ಒಯ್ಯಲೆಂದು ಬೀದಿಯಲ್ಲಿ ಬಿಟ್ಟರು. ಬೀಗವಿಲ್ಲದ ಸೈಕಲ್ ಬೀದಿಯಲ್ಲಿಡುವುದು ಕಾನೂನಿಗೆ ವಿರುದ್ಧವೆಂದು ಪೊಲೀಸರು ಅವನ್ನು ವಶಪಡಿಸಿಕೊಂಡರು. ಅಲ್ಲಿ ಖಾಲಿ, ಇಲ್ಲಿ ಭರ್ತಿ ಎಂಬ ದೂರು ಆಮೇಲೆ ಬರಲಿಲ್ಲ.