ಶನಿವಾರದ ಫೈನಲ್

"ಎಲ್ಲ ಸರಿ ಮಾರಾಯ್ರೆ, ಫೈನಲ್ಲನ್ನು ಭಾನುವಾರವೇ ಯಾಕೆ ಇಡುವುದು ಇವರು?" ಗೋಡೆಯಾಚೆಯಿಂದ ಮಾಷ್ಟ್ರು ಕೇಳಿದರು. ನಾನು ಬಟ್ಟೆ ಹರವುತ್ತಿದ್ದೆ, ಅವರು ಗಿಡಕ್ಕೆ ನೀರು ಬಿಡುತ್ತಿದ್ದರು. ಗಿಡದ ಬುಡ ಇರುವುದು ಅವರ ಅಂಗಳದಲ್ಲಿ, ಕೊಂಬೆ ಬಾಗಿರುವುದು ನಮ್ಮ ಕಡೆಗೆ. ಪುತ್ತೂರಿನ ಅವರಿಗೆ ಅದು ಬೇವುಸೊಪ್ಪು, ಮೈಸೂರಿನ ನಮಗೆ ಕರಿಬೇವು. ಎರಡೂ ಮನೆಯ ಒಗ್ಗರಣೆ ಅದೊಂದರಿಂದಲೇ ನಡೆಯುತ್ತದೆ.

ಮಸ್ಕತ್ತಿಗೆ ಹೊಸದಾಗಿ ಬಂದವರಿಗೆ ಮಾಷ್ಟ್ರ ಸಂಕಟ ತಿಳಿಯಲು ಒಂದು ವಾರವಾದರೂ ಬೇಕು. ಇಲ್ಲಿ ರಜೆ ಶುಕ್ರವಾರ ಮತ್ತು ಶನಿವಾರ. ಭಾನುವಾರ ಬೆಳಿಗ್ಗೆ ಏಳಕ್ಕೆಲ್ಲ ರಸ್ತೆ ತುಂಬ ಕಾರು, ಮಕ್ಕಳ ಬೆನ್ನಿಗೆ ಬ್ಯಾಗು. ಅಂದರೆ ಲೋಕವೆಲ್ಲ ಕಾಲು ಚಾಚಿ ಗಂಡಸರ ಸಿಂಗಲ್ಸ್ ಫೈನಲ್ ನೋಡುವ ದಿನ ನಮಗೆ ವಾರದ ಮೊದಲ ಕೆಲಸದ ದಿನ. ಹೆಂಗಸರ ಫೈನಲ್ ಮಾತ್ರ ಶನಿವಾರ, ನಮ್ಮ ರಜೆಯ ದಿನವೇ ಬರುತ್ತದೆ. ಹೀಗಾಗಿ ನಮ್ಮ ಎರಡು ಮನೆಗಳಲ್ಲಿ ಹೆಂಗಸರ ಟೆನಿಸ್ಸೇ ದೊಡ್ಡ ಟೆನಿಸ್ಸು. ಸೆರೆನಾ, ಒಸಾಕಾ, ಶ್ವಿಯಾಂಟೆಕ್, ಸಬಲೆಂಕಾ ಎಲ್ಲ ಮಕ್ಕಳಿಗೆ ನೆಂಟರಷ್ಟು ಪರಿಚಯ.

ಯಾವ ಟೂರ್ನಮೆಂಟ್ ನಿಮಗೆ ಹೆಚ್ಚು ಇಷ್ಟ ಅಂತ ಯಾರಾದರೂ ಕೇಳಿದರೆ ಮಾಷ್ಟ್ರು ಯೋಚಿಸುವುದೇ ಇಲ್ಲ, ವಿಂಬಲ್ಡನ್ ಅನ್ನುತ್ತಾರೆ. 1985ರಲ್ಲಿ ಹದಿನೇಳರ ಬೋರಿಸ್ ಬೆಕರ್ ಗೆದ್ದಾಗ ಅವರೂ ಹೆಚ್ಚು ಕಡಿಮೆ ಅದೇ ವಯಸ್ಸಿನ ಹುಡುಗ. ಊರಿನ ಒಂದೇ ಟೀವಿಯ ಮುಂದೆ ಕೂತು ದೂರದರ್ಶನದಲ್ಲಿ ಅದನ್ನು ನೋಡಿದ್ದರಂತೆ. ಆ ಪ್ರೀತಿ ಇವತ್ತಿಗೂ ಹಾಗೇ ಉಂಟು. ವಿಚಿತ್ರವೆಂದರೆ ಒಮಾನಿಗೆ ಬಂದ ಮೇಲೂ ಅವರು ವಿಂಬಲ್ಡನ್ನನ್ನು ಹೆಚ್ಚಾಗಿ ಪುತ್ತೂರಿನಲ್ಲೇ ನೋಡುತ್ತಾರೆ. ಬಿಸಿಲು ನೆತ್ತಿ ಸುಡುವ ಹೊತ್ತಿಗೆ ಶಾಲೆಗೆ ರಜೆ, ಅವರು ಸಂಸಾರ ಸಮೇತ ಊರಿಗೆ. ಅಲ್ಲಿ ಜಡಿಮಳೆ. ಕರೆಂಟು ಹೋಯಿತೆಂದರೆ ಫೋನು ನನಗೆ. "ಎಷ್ಟಾಯ್ತು? ಸರ್ವ್ ಯಾರದ್ದು?" ನಾನು ಇಲ್ಲಿ ಏಸಿ ಕೆಳಗೆ ಕೂತು ಪಾಯಿಂಟ್ ಪಾಯಿಂಟೂ ಒಪ್ಪಿಸುತ್ತೇನೆ, ಫೋನಿನಲ್ಲಿ ಹೆಂಚಿನ ಮೇಲೆ ಮಳೆ ಬೀಳುವ ಸದ್ದು ಕೇಳುತ್ತಿರುತ್ತದೆ. ಮೊದಲು ವಿಂಬಲ್ಡನ್ನಿನ ಗಂಡಸರ ಫೈನಲ್ ನಮ್ಮ ಗಡಿಯಾರದಲ್ಲಿ ಸಂಜೆ ಐದಕ್ಕೆ ಶುರುವಾಗುತ್ತಿತ್ತು, ನಾನು ಆಫೀಸಿನಿಂದ ಬರುವಷ್ಟರಲ್ಲಿ ಒಂದು ಸೆಟ್ಟು ಮುಗಿದಿರುತ್ತಿತ್ತು. 2025ರಿಂದ ಲಂಡನ್ನಿನಲ್ಲಿ ನಾಲ್ಕು ಗಂಟೆಗೆ ಮಾಡಿದರು, ನಮಗೆ ಏಳು. ಸಿನ್ನರ್ ಮತ್ತು ಅಲ್ಕರಾಜ್ ಆಡಿದ ಆ ಫೈನಲ್ಲನ್ನು ಮೊದಲ ಚೆಂಡಿನಿಂದ ಕೊನೆಯ ಚೆಂಡಿನವರೆಗೆ ನೋಡಿದೆ. ಅಷ್ಟು ವರ್ಷದಲ್ಲಿ ಅದೇ ಮೊದಲು.

ಅಕ್ಕನಿಗೆ, ಅಂದರೆ ಮಾಷ್ಟ್ರ ಹೆಂಡತಿಗೆ, ಪ್ಯಾರಿಸ್ಸೇ ಆಗಬೇಕು. ಇಟ್ಟಿಗೆ ಪುಡಿ ಹರಡಿದ ಆ ಕೆಂಪು ಅಂಗಳ ಕಂಡರೆ ಅವರಿಗೆ ತವರಿನ ನೆನಪು. ಅವರು ಹೇಳುವ ಕಾರಣ ನನಗೆ ತುಂಬ ಹಿಡಿಸುತ್ತದೆ: "ಮಣ್ಣಿನ ಮೇಲೆ ಚೆಂಡು ಬಿದ್ದ ಗುರುತು ಉಳಿಯುತ್ತದೆ ನೋಡು. ಜಗಳ ಬಂದರೆ ಅಂಪೈರು ಏಣಿ ಇಳಿದು ಬಂದು ಬಗ್ಗಿ ನೋಡುತ್ತಾನೆ. ಅವನ ಮಾತನ್ನು ಸುಮ್ಮನೆ ನಂಬಬೇಕೆಂದಿಲ್ಲ, ಎಲ್ಲರಿಗೂ ಕಾಣುತ್ತದೆ." ನಡಾಲ್ ಅಲ್ಲಿ ಹದಿನಾಲ್ಕು ಸಲ ಗೆದ್ದದ್ದು ಅಕ್ಕನ ಲೆಕ್ಕದಲ್ಲಿ ಆ ಮಣ್ಣಿನ ಋಣ.

ನ್ಯೂಯಾರ್ಕಿನದು ನಮ್ಮ ಪಾಲಿಗಿಲ್ಲ. ಅವರ ರಾತ್ರಿಯ ಪಂದ್ಯ ಶುರುವಾಗುವಾಗ ನಮಗೆ ಬೆಳಗಿನ ಜಾವ ಮೂರು ಗಂಟೆ.

ನನ್ನ ಮೊದಲ ಪ್ರೀತಿಯ ಟೂರ್ನಮೆಂಟ್ ಈಗ ನಡೆಯುವುದೇ ಇಲ್ಲ. 2008ರ ಮಾರ್ಚ್, ಕಬ್ಬನ್ ಪಾರ್ಕಿನ ಒಳಗಿನ ಕೆಎಸ್‌ಎಲ್‌ಟಿಎ ಕೋರ್ಟು, ಹೆಂಗಸರ ಬೆಂಗಳೂರು ಓಪನ್. ಸೆಮಿಫೈನಲ್ಲಿನಲ್ಲಿ ಅಕ್ಕ ವೀನಸ್, ತಂಗಿ ಸೆರೆನಾ. ಮೂರನೇ ಸೆಟ್ಟು ಟೈಬ್ರೇಕಿಗೆ ಹೋಯಿತು, ಒಂದು ಮ್ಯಾಚ್ ಪಾಯಿಂಟ್ ಉಳಿಸಿಕೊಂಡು ಸೆರೆನಾ ಗೆದ್ದಳು, ಮರುದಿನ ಪ್ಯಾಟಿ ಶ್ನೈಡರ್ ವಿರುದ್ಧ ಫೈನಲ್ಲನ್ನೂ ಗೆದ್ದಳು. ಆಗ ನಾನು ಕಾಲೇಜು ಹುಡುಗಿ. ಟೀವಿಯಲ್ಲಿ ಸೆರೆನಾಳ ಸರ್ವ್ ನೂರು ಸಲ ನೋಡಿದ್ದೆ, ಆದರೆ ಆ ಸದ್ದು ಟೀವಿಯಲ್ಲಿ ಬರುವುದಿಲ್ಲ. ಗಟ್ಟಿ ತೆಂಗಿನಕಾಯಿ ಒಂದೇ ಏಟಿಗೆ ಒಡೆದ ಹಾಗೆ. ಮೇಲಿನ ಮರದಿಂದ ಹಕ್ಕಿಗಳು ಎದ್ದು ಹೋಗುತ್ತಿದ್ದವು. ಕೂತು ನೋಡಿದ ಟೆನಿಸ್ಸು ಬೇರೆ, ಟೀವಿಯ ಟೆನಿಸ್ಸು ಬೇರೆ ಅಂತ ಅವತ್ತು ಗೊತ್ತಾಯಿತು.

ಅದಕ್ಕೇ ಈಗ ಕೇಳಿದರೆ ನನ್ನ ಉತ್ತರ ದುಬೈ. ನಾಲ್ಕು ಗ್ರ್ಯಾಂಡ್ ಸ್ಲಾಮ್‌ಗಳ ಮುಂದೆ ಅದು ಚಿಕ್ಕದು, ಒಪ್ಪುತ್ತೇನೆ. ಆದರೆ ನಮ್ಮ ಮನೆ ಬಾಗಿಲಿನಿಂದ ಕಾರು ಹತ್ತಿ ಹೋಗಿ ಕೂತು ನೋಡಬಹುದಾದದ್ದು ಅದು. ಗಂಡಸರ ಟೂರ್ನಮೆಂಟ್ 1993ರಿಂದ, ಹೆಂಗಸರದ್ದು 2001ರಿಂದ, ಪ್ರತಿ ಫೆಬ್ರವರಿ ಒಂದರ ಹಿಂದೆ ಒಂದು. ಫೆಡರರ್ ಎಂಟು ಸಲ ಗೆದ್ದದ್ದು ಅಲ್ಲಿ, ಅವನ ನೂರನೇ ಪ್ರಶಸ್ತಿ ಬಂದದ್ದೂ ಅಲ್ಲೇ, 2019ರಲ್ಲಿ. 2005ರಲ್ಲಿ ಹೈದರಾಬಾದಿನ ಸಾನಿಯಾ ಮಿರ್ಜಾ ಯುಎಸ್ ಓಪನ್ ಚಾಂಪಿಯನ್ ಕುಜ್ನೆತ್ಸೋವಾಳನ್ನು ಸೋಲಿಸಿದ ಅಂಗಳ ಅದು. 2023ರ ಫೆಬ್ರವರಿಯಲ್ಲಿ ಅದೇ ಊರಿನಲ್ಲಿ ಕೊನೆಯ ಪಂದ್ಯ ಆಡಿ ಅವಳು ರ‍್ಯಾಕೆಟ್ ಕೆಳಗಿಟ್ಟಳು.

ದಾರಿಯೇ ಅರ್ಧ ಸಂಭ್ರಮ. ಕಾರಿನ ಇನ್ಶೂರೆನ್ಸಿಗೆ ಯುಎಇ ಸೇರಿಸಿಕೊಂಡು, ವೀಸಾ ಮಾಡಿಸಿಕೊಂಡು, ನಸುಕಿನಲ್ಲೇ ಹೊರಡಬೇಕು. ಬರ್ಕಾ, ಸುವೈಕ್, ಸಹಮ್, ಸೊಹಾರ್, ಒಂದು ಕಡೆ ಖರ್ಜೂರದ ತೋಟ, ಇನ್ನೊಂದು ಕಡೆ ದೂರದಲ್ಲಿ ಬೋಳು ಗುಡ್ಡ. ನಡುವೆ ಒಂದು ಕಡೆ ಕರಕ್ ಚಹಾ, ಚಿಪ್ಸ್ ಒಮಾನ್ ಪುಡಿ ಮಾಡಿ ಚೀಸ್ ಸವರಿ ಸುತ್ತಿದ ಪರೋಟ. ಅದು ಇಲ್ಲದೆ ಮಕ್ಕಳು ಕಾರಿನಿಂದ ಇಳಿಯುವುದಿಲ್ಲ. ಅಕ್ಕನ ಡಬ್ಬಿಯಲ್ಲಿ ಪತ್ರೊಡೆ. ಹತ್ತಾ ಗಡಿಯಲ್ಲಿ ಮುದ್ರೆ ಹಾಕಿಸಿಕೊಂಡು ಮುಂದೆ ಹೋದರೆ ಮಧ್ಯಾಹ್ನದೊಳಗೆ ಗರ್ಹೂದ್. ವಿಮಾನ ನಿಲ್ದಾಣದ ಪಕ್ಕದಲ್ಲೇ ಸ್ಟೇಡಿಯಂ.

ನಮಗೆ ಅಲ್ಲಿ ಬೇಕಾದದ್ದು ಡಬಲ್ಸ್. ಯಾಕೆಂದರೆ ಅಲ್ಲಿ ನಮ್ಮವರಿದ್ದರು. ಹನ್ನೆರಡು ಗ್ರ್ಯಾಂಡ್ ಸ್ಲಾಮ್ ಗೆದ್ದ ಮಹೇಶ್ ಭೂಪತಿ ಬೆಳೆದದ್ದು ಮಸ್ಕತ್ತಿನಲ್ಲಿ ಎಂಬುದು ಊರಿನ ಎಷ್ಟೋ ಜನಕ್ಕೆ ಗೊತ್ತಿಲ್ಲ. ಓದಿದ್ದು ಇಲ್ಲಿಯ ಇಂಡಿಯನ್ ಸ್ಕೂಲಿನಲ್ಲಿ. 1997ರಲ್ಲಿ ಪ್ಯಾರಿಸ್ಸಿನಲ್ಲಿ ರಿಕಾ ಹಿರಾಕಿ ಜೊತೆ ಗೆದ್ದು, ಗ್ರ್ಯಾಂಡ್ ಸ್ಲಾಮ್ ಗೆದ್ದ ಮೊದಲ ಭಾರತೀಯನಾದ. ದಾರ್ಸೈತ್ ಕಡೆ ಹೋದಾಗಲೆಲ್ಲ ಮಾಷ್ಟ್ರು ಮಕ್ಕಳಿಗೆ ಆ ಶಾಲೆ ತೋರಿಸುತ್ತಾರೆ. ಒಮಾನಿನದೇ ಮಗಳು ಫಾತ್ಮಾ ಅಲ್ ನಭಾನಿಯ ಹೆಸರನ್ನೂ ಜೊತೆಗೆ ಹೇಳುತ್ತಾರೆ. ಅಣ್ಣಂದಿರಿಬ್ಬರು ಡೇವಿಸ್ ಕಪ್ ಆಡಿದ ಮನೆಯಿಂದ ಬಂದು ಈ ಸೆಕೆಯಲ್ಲಿ ಬೆಳೆದು ವೃತ್ತಿಪರ ಟೆನಿಸ್ ಆಡಿದವಳು.

ಇನ್ನೊಬ್ಬರು ನಮ್ಮ ಕೊಡಗಿನ ಕಾಫಿ ತೋಟದ ಮನೆಯ ಮಚ್ಚಂಡ ರೋಹನ್ ಬೋಪಣ್ಣ. 2012ರಲ್ಲಿ ಮಸ್ಕತ್ತಿನಲ್ಲಿ ಬೆಳೆದವನೂ ಕೊಡಗಿನವನೂ ಜೋಡಿಯಾಗಿ ದುಬೈಯಲ್ಲಿ ಗೆದ್ದರು! ಆ ವರ್ಷ ನಾವು ಹೋಗಿರಲಿಲ್ಲ, ಇವತ್ತಿಗೂ ಅದೊಂದು ಕೊರಗು. 2014ರಲ್ಲಿ ಬಿಡಲಿಲ್ಲ. ಆಗ ಬೋಪಣ್ಣನ ಜೋಡಿ ಪಾಕಿಸ್ತಾನದ ಐಸಾಮ್ ಉಲ್ ಹಕ್ ಖುರೇಷಿ. ಒಂದು ಸಂಜೆ ನಾವು ಸರ್ವ್ ಮಾಡುವವರ ಬೆನ್ನ ಹಿಂದಿನ ಸಾಲಿನಲ್ಲಿ ಕೂತಿದ್ದೆವು. ಡಬಲ್ಸ್ ನೋಡುವುದಿದ್ದರೆ ಕೂರಬೇಕಾದ್ದು ಅಲ್ಲೇ. ಬೋಪಣ್ಣ ಚೆಂಡು ಪುಟಿಸುತ್ತಿರುತ್ತಾನೆ. ನೆಟ್ಟಿನ ಹತ್ತಿರ ಬಗ್ಗಿ ನಿಂತ ಐಸಾಮ್ ಒಂದು ಕೈಯನ್ನು ಬೆನ್ನ ಹಿಂದಕ್ಕೆ ತಂದು ಬೆರಳಲ್ಲಿ ಸನ್ನೆ ಮಾಡುತ್ತಾನೆ: ಚೆಂಡು ಎತ್ತ ಹಾಕು, ನಾನು ಅಡ್ಡ ನುಗ್ಗುತ್ತೇನೋ, ಇಲ್ಲೇ ನಿಲ್ಲುತ್ತೇನೋ. ಎದುರಿನವರಿಗೆ ಅದು ಕಾಣದು, ನಮಗೆ ಮಾತ್ರ ಕಾಣುತ್ತದೆ. ಆ ಎರಡು ಕ್ಷಣ ಮೂವರಿಗಷ್ಟೇ ಗೊತ್ತಿರುವ ಗುಟ್ಟು: ಅವನಿಗೆ, ಇವನಿಗೆ, ನಮಗೆ. ನಮ್ಮ ಪಕ್ಕದಲ್ಲಿ ಪೇಶಾವರದ ಒಬ್ಬ ಹಿರಿಯರು ಕೂತಿದ್ದರು. ಮೊದಲು ಅವರು ಐಸಾಮ್ ಹೆಸರು ಕೂಗುತ್ತಿದ್ದರು, ಮಾಷ್ಟ್ರು ಬೋಪಣ್ಣನ ಹೆಸರು. ಎರಡನೇ ಸೆಟ್ಟಿನ ಹೊತ್ತಿಗೆ ಅವರು ಬೋಪಣ್ಣ ಅನ್ನುತ್ತಿದ್ದರು, ಮಾಷ್ಟ್ರು ಐಸಾಮ್ ಅನ್ನುತ್ತಿದ್ದರು. ಅಕ್ಕ ಡಬ್ಬಿ ಮುಂದೆ ಹಿಡಿದರು. ಅವರು ಪತ್ರೊಡೆ ತಿಂದು, ಇದು ಯಾವ ಎಲೆ ಎಂದು ಮಾಷ್ಟ್ರ ಹತ್ತಿರ ಉರ್ದುವಿನಲ್ಲಿ ಕೇಳಿದರು. ಕೆಸುವಿಗೆ ಹಿಂದಿಯಲ್ಲಿ ಏನನ್ನುತ್ತಾರೆಂದು ನಮಗ್ಯಾರಿಗೂ ಹೊಳೆಯಲಿಲ್ಲ.

ಆ ಸಲ ಫೈನಲ್ಲಿನಲ್ಲಿ ಅವರು ನೆಸ್ಟರ್–ಜಿಮೊಂಜಿಚ್ ಜೋಡಿಯನ್ನು ಸೋಲಿಸಿದರು. ಮರುವರ್ಷ ಜೋಡಿಗಳು ಅದಲು ಬದಲು. ಬೋಪಣ್ಣ ನೆಸ್ಟರ್ ಜೊತೆ, ಐಸಾಮ್ ಜಿಮೊಂಜಿಚ್ ಜೊತೆ, ಮತ್ತೆ ಫೈನಲ್, ಮತ್ತೆ ಬೋಪಣ್ಣನೇ. ಡಬಲ್ಸಿನ ಈ ಗುಣ ನನಗೆ ಪ್ರಾಣ. ನಿನ್ನೆ ಬೆನ್ನ ಹಿಂದೆ ಸನ್ನೆ ಮಾಡಿದವನು ಇವತ್ತು ಎದುರಿಗೆ ನಿಂತಿರುತ್ತಾನೆ, ಸನ್ನೆಗಳೆಲ್ಲ ಅವನಿಗೆ ಗೊತ್ತು.

ಇಷ್ಟೆಲ್ಲ ಹೇಳಿ ಮೆಲ್ಬರ್ನ್ ಬಿಟ್ಟರೆ ತಪ್ಪಾಗುತ್ತದೆ. 2024ರ ಜನವರಿ 27, ಶನಿವಾರ. ನಮಗೆ ಮಧ್ಯಾಹ್ನ, ಅವರಿಗೆ ರಾತ್ರಿ. ಹೆಂಗಸರ ಫೈನಲ್ ಮುಗಿದ ಮೇಲೆ ಡಬಲ್ಸ್. ಎರಡು ಮನೆಯವರೂ ನಮ್ಮ ಹಾಲಿನಲ್ಲಿ, ಊಟದ ತಟ್ಟೆ ಎತ್ತಿರಲಿಲ್ಲ. ಬೋಪಣ್ಣನಿಗೆ ನಲವತ್ತಮೂರು. ಮಂಡಿಯಲ್ಲಿ ಮೃದ್ವಸ್ಥಿ ಸವೆದು ಹೋಗಿ, ಅಯ್ಯಂಗಾರ್ ಯೋಗದಿಂದ ಮತ್ತೆ ಎದ್ದು ನಿಂತ ಮನುಷ್ಯ. (ಆ ಯೋಗದ ಬಿ.ಕೆ.ಎಸ್. ಅಯ್ಯಂಗಾರ್ ಕೂಡ ನಮ್ಮ ಕೋಲಾರದ ಬೆಳ್ಳೂರಿನವರು.) ಆಗಿನ ಜೋಡಿ ಎಬ್ಡೆನ್ ಜೊತೆ ಮೊದಲ ಸೆಟ್ಟಿನ ಟೈಬ್ರೇಕನ್ನು ಒಂದೂ ಪಾಯಿಂಟ್ ಬಿಡದೆ 7–0 ಗೆದ್ದಾಗ ಅಕ್ಕ ಎದ್ದು ನಿಂತರು, ಆಮೇಲೆ ಕೂರಲೇ ಇಲ್ಲ. ಎರಡನೆಯದು 7–5. ಮಾಷ್ಟ್ರ ಕಣ್ಣು ಒದ್ದೆ. ಗಂಡಸರ ಡಬಲ್ಸಿನಲ್ಲಿ ಅವನ ಮೊದಲ ಗ್ರ್ಯಾಂಡ್ ಸ್ಲಾಮ್ ಅದು. ಎರಡು ದಿನದ ಮೇಲೆ ಲೋಕಕ್ಕೇ ಒಂದನೇ ನಂಬರು, ಅಷ್ಟು ವಯಸ್ಸಿನಲ್ಲಿ ಆ ಜಾಗಕ್ಕೆ ಮೊದಲ ಸಲ ಏರಿದವರು ಬೇರೆ ಯಾರೂ ಇರಲಿಲ್ಲ.

ಆಟ ನಿಲ್ಲಿಸುತ್ತೇನೆ ಎಂದು ಅವನು ಹೇಳಿದ್ದೂ ಒಂದು ಶನಿವಾರ, 2025ರ ನವೆಂಬರ್ 1. ರಾಜ್ಯೋತ್ಸವದ ದಿನ. ಮಾಷ್ಟ್ರು ಆ ಸುದ್ದಿಯನ್ನು ಇದೇ ಗೋಡೆಯ ಮೇಲಿಂದ ಫೋನು ಚಾಚಿ ತೋರಿಸಿದ್ದರು. ಆಮೇಲೆ ಇಬ್ಬರೂ ತುಂಬ ಹೊತ್ತು ಏನೂ ಮಾತಾಡಲಿಲ್ಲ.

"ಹಾಗಾದರೆ ಈ ಸಲ ದುಬೈಗೆ ಹೋಗುವುದು ಯಾರನ್ನು ನೋಡುವುದಕ್ಕೆ?" ಎಂದು ಮೊನ್ನೆ ನಾನೇ ಕೇಳಿದೆ.

ಮಾಷ್ಟ್ರು ಪೈಪಿನ ನೀರು ನಿಲ್ಲಿಸಿದರು. "ಡಬಲ್ಸ್ ಉಂಟಲ್ಲ? ಆ ಹಿಂದಿನ ಸಾಲಲ್ಲಿ ಕೂತರಾಯ್ತು. ಯಾರಾದರೂ ಸನ್ನೆ ಮಾಡುತ್ತಾರೆ."

ಒಳಗಿನಿಂದ ಅಕ್ಕ ಕೂಗಿದರು: ಕೆಸುವಿನ ಎಲೆ ರೂವಿಯ ಅಂಗಡಿಗೆ ಗುರುವಾರ ಬರುತ್ತದಂತೆ, ಹೊರಡುವುದಿದ್ದರೆ ಮೊದಲೇ ಹೇಳಬೇಕು.