ಸ್ವಲ್ಪ ವಾಕಿಂಗ್ ಮಾಡಮ್ಮ

ಬೆಂಗಳೂರಿನ ಸಹಕಾರನಗರದ ಹೆಂಗಸರಿಗೆ ಹೃದ್ರೋಗ ಬರುವುದಿಲ್ಲ. ಬರುವುದೆಲ್ಲ ಗ್ಯಾಸು. ದವಡೆ ಸೆಳೆದರೆ ಹಲ್ಲಿನದು, ಬೆನ್ನು ಹಿಡಿದರೆ ಲ್ಯಾಪ್‌ಟಾಪಿನದು, ಮೆಟ್ಟಿಲು ಹತ್ತುವಾಗ ಏದುಸಿರು ಬಂದರೆ ವಯಸ್ಸಿನದು. ಹೆಂಗಸರಲ್ಲಿ ಹೃದಯಾಘಾತ ಹೀಗೂ ವೇಷ ಹಾಕಿಕೊಂಡು ಬರಬಹುದು ಎಂದು ವೈದ್ಯರು ಹೇಳುತ್ತಲೇ ಇದ್ದಾರೆ. ಹೇಳಲಿ ಬಿಡಿ, ನಮ್ಮನೆಗಳಲ್ಲಿ ಓಂಕಾಳಿನ ಡಬ್ಬಿಗಿಂತ ದೊಡ್ಡ ವೈದ್ಯರುಂಟೆ?

ತೂಕ ಮಾತ್ರ ಎಲ್ಲರ ಕಣ್ಣಿಗೂ ಬೀಳುತ್ತದೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕರ್ನಾಟಕದ ಹತ್ತು ಹೆಂಗಸರಲ್ಲಿ ಮೂವರ ತೂಕ ಹೆಚ್ಚು. ಗಂಡಸರದೂ ಸರಿಸುಮಾರು ಅಷ್ಟೇ. ಆದರೆ ಅವರದು ಅನುಕೂಲಸ್ಥರ ಹೊಟ್ಟೆ, ಇವಳದು ಅಶಿಸ್ತು. "ಸ್ವಲ್ಪ ವಾಕಿಂಗ್ ಮಾಡಮ್ಮ" ಎಂದು ಪಾರ್ಕಿನ ಬೆಂಚಿನ ಮೇಲೆ ಕೂತ ನಿವೃತ್ತ ಮಹನೀಯರ ಅಪ್ಪಣೆಯಾಗುತ್ತದೆ.

ಮಾಡುತ್ತಾಳೆ, ಯಾವಾಗ? ಐದಕ್ಕೆದ್ದು ಮೂರು ಡಬ್ಬಿ ಕಟ್ಟಿ, ಹೆಬ್ಬಾಳದ ಜಾಮಿನಲ್ಲಿ ಕೂತು, ಮಾನ್ಯತಾ ಟೆಕ್ ಪಾರ್ಕಿನಲ್ಲಿ ಕೂತು, ಮತ್ತೆ ಹೆಬ್ಬಾಳದಲ್ಲಿ ಕೂತು ಬಂದಮೇಲೆ ಅಡುಗೆ. 2019ರ ಕೇಂದ್ರ ಸರ್ಕಾರದ ಸಮಯ ಬಳಕೆ ಸಮೀಕ್ಷೆಯ ಪ್ರಕಾರ ಸಂಬಳವಿಲ್ಲದ ಮನೆಗೆಲಸಕ್ಕೆ ಹೆಂಗಸಿನದು ದಿನಕ್ಕೆ 299 ನಿಮಿಷ, ಗಂಡಸಿನದು 97. ಆ 97 ಕೂಡ ಕೆಲಸಕ್ಕೆ ಕೈ ಹಾಕಿದ ಪುಣ್ಯಾತ್ಮರ ಸರಾಸರಿ. ಪೇಪರ್ ಓದುತ್ತಾ ಕಾಲೆತ್ತಿ ನೆಲ ಒರೆಸಲು ಸಹಕರಿಸಿದವರು ಲೆಕ್ಕಕ್ಕಿಲ್ಲ.

ರಾತ್ರಿ ಒಂಬತ್ತೂವರೆಗೆ ಅಡುಗೆಮನೆ ಕಟ್ಟೆಗೊರಗಿ ಅವಳ ಊಟ. ಮಗ ವಾಪಸ್ ತಂದ ಅರ್ಧ ಡಬ್ಬಿ ಚಿತ್ರಾನ್ನ, ಮಾವ ಒಲ್ಲೆಂದ ಚಪಾತಿ, ಪಾತ್ರೆಯ ತಳದ ಪಲ್ಯ. ಅನ್ನ ಎಸೆದರೆ ಪಾಪ. ಹಾಗೆ ಮನೆಮಂದಿಯ ಪಾಪವೆಲ್ಲ ಅವಳ ಸೊಂಟಕ್ಕೆ ಜಮೆ. ಆ ಸೊಂಟ 80 ಸೆಂಟಿಮೀಟರ್ ದಾಟಿದರೆ ಹೃದಯಕ್ಕೆ ಅಪಾಯವಂತೆ. ಟೇಪೇನೋ ಮನೆಯಲ್ಲಿದೆ, ಬ್ಲೌಸಿನ ಅಳತೆಗೆ.

ಆಫೀಸಿಗೆ ಕಾಳಜಿಯಿಲ್ಲ ಅನ್ನಬೇಡಿ. ಮಾರ್ಚ್ 8ಕ್ಕೆ ಒಂದು ಗುಲಾಬಿ, ಒಂದು ಬಿಪಿ ತಪಾಸಣೆ, 'ಹೃದಯ ಜೋಪಾನ' ಎಂಬ ಭಾಷಣ, ಆಮೇಲೆ ಕೇಕು, ಸಮೋಸ. ಸಂಜೆ ಏಳಕ್ಕೆ ಅಮೆರಿಕದವರ ಜತೆ ಮೀಟಿಂಗು.

2021ರ ಅಕ್ಟೋಬರ್ 29ರಂದು ನಟ ಪುನೀತ್ ರಾಜ್‌ಕುಮಾರ್ 46ಕ್ಕೇ ಹೃದಯಾಘಾತದಿಂದ ತೀರಿಹೋದಾಗ ಊರಿಗೂರೇ ಬೆಚ್ಚಿತು. ತಪಾಸಣೆಗೆಂದು ಜನ ಜಯದೇವ ಹೃದ್ರೋಗ ಆಸ್ಪತ್ರೆಗೆ ಮುಗಿಬಿದ್ದರು. ನಮ್ಮ ಬಡಾವಣೆಯ ಯಜಮಾನರುಗಳೂ ಕಂಡ ಕಂಡ ಆಸ್ಪತ್ರೆಗಳಲ್ಲಿ ಇಸಿಜಿ, ಎಕೋ, ಟಿಎಂಟಿ ಮಾಡಿಸಿಕೊಂಡರು. ಹೆಂಡತಿಯರೂ ಹೋಗಿದ್ದರು, ರಜೆ ಹಾಕಿ, ಫೈಲು ಹಿಡಿದುಕೊಂಡು. ಹಾಗೆ ನಿಂತ ಒಬ್ಬಾಕೆಗೆ ನರ್ಸಮ್ಮ, "ಮೇಡಂ, ನಿಮ್ಮದೂ ಒಂದು ಇಸಿಜಿ ತೆಗೆದುಬಿಡೋಣ್ವಾ?" ಅಂದರಂತೆ. ಯಜಮಾನರು ಅಂಗಿ ಗುಂಡಿ ಹಾಕಿಕೊಳ್ಳುತ್ತಾ ನಕ್ಕರು:

"ಅವಳಿಗೇನಾಗುತ್ತೆ ಸಿಸ್ಟರ್, ದಿನವಿಡೀ ಓಡಾಡ್ತಾನೇ ಇರ್ತಾಳೆ."